ತಿದ್ದುವ ಹಲಗೆ: ಮರಳಿನಿಂದ ಟ್ಯಾಬ್ಲೆಟ್‌ವರೆಗೆ

ನಮ್ಮ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿರುವುದು ಊರಿನ ಎಲ್ಲರಿಗೂ ಹೆಮ್ಮೆಯ ಸಂಗತಿ. ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನ ಬರೆಯಬೇಕೆಂದು ಸಂಪಾದಕ ಸಮಿತಿಯ ಹಿರಿಯರು ಹೇಳಿದರು. "ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆಯೇ ಬರಿಯಪ್ಪ" ಎಂಬುದು ಅವರ ಅಪ್ಪಣೆ. ಅದೇ ಸಮಯಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿ, ಸುವರ್ಣ ಮಹೋತ್ಸವದ ಕೊಡುಗೆಯಾಗಿ ಶಾಲೆಗೆ ಕೆಲವು ಟ್ಯಾಬ್ಲೆಟ್‌ಗಳನ್ನು ಕೊಡೋಣ ಎಂಬ ಮಾತೂ ನಡೆದಿತ್ತು. ಕೆಲವರು ತಕ್ಷಣ ಒಪ್ಪಿದರು. ಇನ್ನು ಕೆಲವರು, "ಈಗಲೇ ಮಕ್ಕಳ ಅಕ್ಷರ ಕೆಟ್ಟಿದೆ, ಸ್ವಂತವಾಗಿ ನಾಲ್ಕು ಸಾಲು ಬರೆಯಲು ಬರುವುದಿಲ್ಲ. ಟ್ಯಾಬ್ಲೆಟ್ ಬೇರೆ ಕೊಟ್ಟರೆ ಇರುವ ಬರವಣಿಗೆಯೂ ಹೋದೀತು" ಎಂದರು.

ಎರಡು ಮಾತಿನಲ್ಲೂ ಹುರುಳಿದೆ. ಆದ್ದರಿಂದ ಹೌದು ಅಥವಾ ಅಲ್ಲ ಎನ್ನುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದೆನಿಸಿತು. ನಮ್ಮ ನಾಡಿನ ಮಕ್ಕಳು ಯಾವ ಯಾವ ಕಾಲದಲ್ಲಿ ಯಾವುದರ ಮೇಲೆ ಬರೆದರು? ಆ ಸಾಧನ ಬದಲಾದಾಗ ಬರವಣಿಗೆ ಕಲಿಯುವ ರೀತಿ ಹೇಗೆ ಬದಲಾಯಿತು? ಈ ಚರಿತ್ರೆಯನ್ನು ಗಮನಿಸಿದರೆ ಟ್ಯಾಬ್ಲೆಟ್ ಎಂಬ ಹೊಸ ಹಲಗೆಯಿಂದ ನಾವು ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ತಿಳಿಯುತ್ತದೆ.

ಕನ್ನಡದಲ್ಲಿ 'ತಿದ್ದು' ಎಂಬ ಪದಕ್ಕೆ ಎರಡು ಅರ್ಥವಿದೆ. ಪುಟ್ಟ ಮಗು ಬರೆದಿಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಕೈ ಆಡಿಸುವುದನ್ನು 'ಅಕ್ಷರ ತಿದ್ದುವುದು' ಎನ್ನುತ್ತೇವೆ. ಮೇಷ್ಟ್ರು ನೋಟ್‌ಬುಕ್ಕಿನ ತಪ್ಪನ್ನು ಸರಿಮಾಡುವುದೂ 'ತಿದ್ದುವುದೇ'. ಕಲಿಯುವುದಕ್ಕೂ ಸರಿಪಡಿಸಿಕೊಳ್ಳುವುದಕ್ಕೂ ನಮ್ಮ ಹಿರಿಯರು ಒಂದೇ ಪದ ಬಳಸಿದರು. ಈ ಲೇಖನವನ್ನು ಆ ಪದದ ಚರಿತ್ರೆ ಎಂದುಕೊಂಡು ಓದಿದರೂ ಆದೀತು.

ಮರಳು, ಹಲಗೆ ಮತ್ತು ಕಡತ

ಸರ್ಕಾರಿ ಶಾಲೆಗಳು ಬರುವ ಮೊದಲು ನಮ್ಮ ಹಳ್ಳಿಗಳಲ್ಲಿ ಐಗಳ ಮಠ, ಕೂಲಿ ಮಠಗಳಿದ್ದವು. ಊರಿನ ಗುಡಿಯ ಜಗಲಿಯಲ್ಲೋ ಐಗಳ ಮನೆಯ ಪಡಸಾಲೆಯಲ್ಲೋ ಪಾಠ ನಡೆಯುತ್ತಿತ್ತು. ಅಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ಒಂದು ಒಳ್ಳೆಯ ದಾಖಲೆ ಸಿಗುತ್ತದೆ. 1822ರಲ್ಲಿ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಮನ್ರೋ, ಪ್ರಾಂತ್ಯದ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ದೇಸಿ ಶಾಲೆಗಳ ವರದಿ ಕೇಳಿದರು. ಆಗ ಬಳ್ಳಾರಿ ಆ ಪ್ರಾಂತ್ಯದಲ್ಲಿತ್ತು. ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ ಇವುಗಳಲ್ಲಿ ತುಂಬ ವಿವರವಾದದ್ದು. ಅದರ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಅವುಗಳಲ್ಲಿ 235 ಕನ್ನಡದವು. ಒಟ್ಟು ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಇಂದು ನಮ್ಮ ಶಾಲೆಯ ಒಂದೇ ತರಗತಿಯಲ್ಲಿ ಎಷ್ಟು ಹೆಣ್ಣುಮಕ್ಕಳು ಕೂರುತ್ತಾರೆ ಎಂದು ನೆನೆದರೆ, ನಡೆದು ಬಂದ ದಾರಿ ಎಷ್ಟು ದೂರದ್ದು ಎಂದು ತಿಳಿಯುತ್ತದೆ.

ಮಕ್ಕಳು ಹೇಗೆ ಬರೆಯುತ್ತಿದ್ದರು ಎಂಬುದನ್ನೂ ಕ್ಯಾಂಪ್‌ಬೆಲ್ ದಾಖಲಿಸಿದ್ದಾರೆ. ಶಾಲೆಗೆ ಸೇರಿದ ಮಗು ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಕೈ ಪಳಗಿದ ಮೇಲೆ ಕಬ್ಬಿಣದ ಕಂಟದಿಂದ ಓಲೆಗರಿಯ ಮೇಲೋ, ಲೇಖನಿಯಿಂದ ಕಾಗದದ ಮೇಲೋ ಬರೆಯಬಹುದು. ಆದರೆ ಹೆಚ್ಚು ಬಳಕೆಯಲ್ಲಿದ್ದದ್ದು ಎರಡು: ಹಲಗೆ ಮತ್ತು ಕಡತ. ಹಲಗೆ ಎಂದರೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ನಯವಾದ ಮರದ ಹಲಗೆ. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಕಪ್ಪಾಗಿ ಬರೆಯಲು ಸಿದ್ಧ. ಕಡತ ಎಂದರೆ ಗಂಜಿ ಹಾಕಿ ಬಿಗಿಮಾಡಿ, ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಎರಡರ ಮೇಲೂ ಬರೆಯುತ್ತಿದ್ದದ್ದು ಬಳಪದಿಂದ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಳಿದುಹೋಗುತ್ತಿತ್ತು.

ಇಂಥ ಹಳೆಯ ಕಡತಗಳು ಶೃಂಗೇರಿ ಮಠದಲ್ಲಿ ಇಂದಿಗೂ ಉಳಿದಿವೆ. ಆದರೆ ಪದದ ಗತಿ ವಿಚಿತ್ರ. ಒರೆಸಿ ಮತ್ತೆ ಬರೆಯಬಹುದಾದ ಬಟ್ಟೆಯ ಹೆಸರು ಇಂದು ತಾಲ್ಲೂಕು ಕಚೇರಿಯ ಫೈಲಿಗೆ ಅಂಟಿಕೊಂಡಿದೆ. ಅಲ್ಲಿ ಒಮ್ಮೆ ತಪ್ಪು ಬರೆದರೆ ಅಳಿಸಲು ಎಷ್ಟು ಸಲ ಅಲೆಯಬೇಕೆಂದು ಪಹಣಿಯಲ್ಲಿ ಹೆಸರು ತಪ್ಪಾದ ನಮ್ಮೂರಿನ ರೈತರನ್ನು ಕೇಳಬೇಕು!

ಮರಳಿನ ಮೇಲೆ ಬರೆಯುವ ಈ ಪದ್ಧತಿ ಸಮುದ್ರ ದಾಟಿಯೂ ಹೋಯಿತು. ಆ್ಯಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಿಂದ ಮದ್ರಾಸಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮ ನೋಡಿಕೊಳ್ಳುತ್ತಿದ್ದರು. ಅಲ್ಲಿನ ದೇಸಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತಮ್ಮ ಶಾಲೆಯಲ್ಲೂ ಅದನ್ನು ತಂದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಬೆಳೆಸಿದರು. 1797ರಲ್ಲಿ ಅವರು ಇದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಇದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಕಲಿಕೆಯ ಉಪಕರಣಗಳೆಲ್ಲ ಪಶ್ಚಿಮದಿಂದಲೇ ನಮ್ಮಲ್ಲಿಗೆ ಬಂದವು ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಆದರೆ ಕ್ಯಾಂಪ್‌ಬೆಲ್ ಒಂದು ಕೊರತೆಯನ್ನೂ ಹೇಳಿದ್ದಾರೆ. ಮಕ್ಕಳು ಪದ್ಯಗಳನ್ನು ರಾಶಿರಾಶಿಯಾಗಿ ಬಾಯಿಪಾಠ ಒಪ್ಪಿಸುತ್ತಿದ್ದರು, ಅರ್ಥ ಮಾತ್ರ ಗಿಣಿಗೆ ತಿಳಿದಷ್ಟೇ ತಿಳಿದಿರುತ್ತಿತ್ತು ಎಂಬುದು ಅವರ ದೂರು. ಅಕ್ಷರ ಬರೆಯಲು, ಲೆಕ್ಕ ಬರೆಯಲು, ಕಾಗದಪತ್ರ ನಕಲು ಮಾಡಲು ಹಲಗೆ ಮತ್ತು ಕಡತ ಚೆನ್ನಾಗಿ ಒದಗಿದವು. ಮಗು ತನ್ನ ಮನಸ್ಸಿನಲ್ಲಿದ್ದದ್ದನ್ನು ತನ್ನ ಮಾತಿನಲ್ಲಿ ಬರೆಯುವುದು ಆಗಿನ ಪಾಠಕ್ರಮದಲ್ಲಿ ಇರಲಿಲ್ಲ. ಈ ದೂರು ಇನ್ನೂರು ವರ್ಷ ಹಳೆಯದು ಎನ್ನುವುದೊಂದೇ ಸಮಾಧಾನ. ಸ್ವಂತ ಬರವಣಿಗೆ ಕಡಿಮೆ ಎಂಬ ಆರೋಪ ಮೊಬೈಲಿಗಿಂತ ಬಹಳ ಮೊದಲೇ ಹುಟ್ಟಿದ್ದು.

ಸ್ಲೇಟಿನಿಂದ ನೋಟ್‌ಬುಕ್ಕಿಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಬಗೆಯ ಶಾಲೆಗಳು ಬಂದಂತೆ ಕಲ್ಲಿನ ಸ್ಲೇಟು ಬಂತು. ಹಲಗೆಗೆ ಇದ್ದಿಲು ಬಳಿಯುವ ಕೆಲಸ ತಪ್ಪಿತು. ಆಂಧ್ರದ ಮಾರ್ಕಾಪುರದ ಕಲ್ಲಿನ ಸ್ಲೇಟು ದಕ್ಷಿಣದಲ್ಲೆಲ್ಲ ಪ್ರಸಿದ್ಧವಾಯಿತು. ಉತ್ತರ ಕರ್ನಾಟಕದವರು ಅದನ್ನು ಪಾಟಿ ಎಂದರು, ನಾವು ಸ್ಲೇಟು ಎಂದೆವು. ಬಳಪ ಎಂಬ ಹೆಸರು ಮಾತ್ರ ಕಡತದ ಕಾಲದಿಂದ ಹಾಗೆಯೇ ಉಳಿದುಬಂತು. ಈ ಸಂಚಿಕೆ ಓದುತ್ತಿರುವ ಹಿರಿಯರಲ್ಲಿ ಬಹುತೇಕರು ಸ್ಲೇಟನ್ನು ಕಾಡಿಗಸೊಪ್ಪು ಉಜ್ಜಿ ಕಪ್ಪು ಮಾಡಿದವರು, ಎಂಜಲು ಹಚ್ಚಿ ಅಂಗೈಯಲ್ಲಿ ಒರೆಸಿ ಮೇಷ್ಟ್ರ ಕೈಲಿ ಬೈಸಿಕೊಂಡವರು.

ಮರಳು, ಹಲಗೆ, ಕಡತ, ಸ್ಲೇಟು ಈ ನಾಲ್ಕಕ್ಕೂ ಸಮಾನವಾದ ಗುಣ ಒಂದಿದೆ: ತಪ್ಪಿಗೆ ಅಲ್ಲಿ ಬೆಲೆ ತೆರಬೇಕಿಲ್ಲ. ಒರೆಸಿದರೆ ಮುಗಿಯಿತು. ಮಗು ನೂರು ಸಲ ತಪ್ಪು ಬರೆದರೂ ನೂರಾ ಒಂದನೆಯ ಸಲ ಸ್ಲೇಟು ಹೊಸದೇ. ಕೊರತೆಯೂ ಒಂದಿದೆ: ಬರೆದದ್ದು ಉಳಿಯುವುದಿಲ್ಲ. ನಿನ್ನೆ ಏನು ಬರೆದೆ, ಇಂದು ಎಷ್ಟು ಸುಧಾರಿಸಿದೆ ಎಂದು ನೋಡುವಂತಿಲ್ಲ. ಒಂದು ಸ್ಲೇಟಿನಷ್ಟೇ ಜಾಗ ಇರುವುದರಿಂದ ಉದ್ದವಾಗಿ ಬರೆಯುವಂತೆಯೂ ಇಲ್ಲ.

ನೋಟ್‌ಬುಕ್ ಬಂದಾಗ ಇದು ತಿರುಗುಮುರುಗಾಯಿತು. ಬರೆದದ್ದು ಉಳಿಯಿತು, ಪುಟಗಟ್ಟಲೆ ಬರೆಯಲು ಸಾಧ್ಯವಾಯಿತು. ಪ್ರಬಂಧ, ಪತ್ರಲೇಖನ, ಗಾದೆ ಮಾತಿನ ವಿಸ್ತರಣೆ ಎಲ್ಲ ಪಾಠದೊಳಗೆ ಬಂದವು. ಆದರೆ ತಪ್ಪೂ ಉಳಿಯಿತು. ಶಾಯಿಯಲ್ಲಿ ಬರೆದದ್ದನ್ನು ಹೊಡೆದರೆ 'ಚಿತ್ತು'. ಚಿತ್ತಿಲ್ಲದ ಬರಹವೇ ಒಳ್ಳೆಯ ಬರಹ ಎಂದಾಯಿತು. ನಮ್ಮ ಕಾಲದಲ್ಲೂ ಅಂದವಾದ ಬರವಣಿಗೆಗೆ ಅಂಕವಿತ್ತು, ಚಿತ್ತು ಮಾಡಿದವರಿಗೆ ಬೈಗುಳವಿತ್ತು. ಮಕ್ಕಳು ಅದಕ್ಕೆ ಕಂಡುಕೊಂಡ ಉಪಾಯ ಸರಳ: ಸ್ವಂತವಾಗಿ ಬರೆಯುವ ಗೊಡವೆಗೇ ಹೋಗದೆ ಗೈಡಿನಿಂದ ನೋಡಿ ಬರೆಯುವುದು. ನೋಡಿ ಬರೆದರೆ ಚಿತ್ತಾಗುವುದಿಲ್ಲವಲ್ಲ! 'ರಾಷ್ಟ್ರೀಯ ಹಬ್ಬಗಳು', 'ಗ್ರಂಥಾಲಯಗಳ ಮಹತ್ವ', 'ಪರಿಸರ ಸಂರಕ್ಷಣೆ' ಎಂಬ ಪ್ರಬಂಧಗಳನ್ನು ನಲವತ್ತು ಮಂದಿ ನಲವತ್ತು ನೋಟ್‌ಬುಕ್ಕಿನಲ್ಲಿ ಒಂದೇ ಥರ ಬರೆದೆವು.

ಇದರಲ್ಲಿ ಮೇಷ್ಟ್ರುಗಳ ದೋಷವೇನಿಲ್ಲ. ನಲವತ್ತು ನೋಟ್‌ಬುಕ್ಕನ್ನು ವಾರಕ್ಕೊಮ್ಮೆ ತಿದ್ದುವುದೇ ಅವರಿಗೆ ದೊಡ್ಡ ಹೊರೆ. ತಿದ್ದಿಸಿಕೊಂಡ ಪ್ರಬಂಧವನ್ನು ಮಗು ಮತ್ತೊಮ್ಮೆ ಪೂರ್ತಿ ಬರೆಯಬೇಕೆಂದರೆ ಇಬ್ಬರಿಗೂ ಶಿಕ್ಷೆ. ಹೀಗಾಗಿ ಕೆಂಪು ಶಾಯಿಯ ಗುರುತು ಪಾಠದ ಕೊನೆಯಾಯಿತೇ ಹೊರತು ಎರಡನೆಯ ಬರಹದ ಆರಂಭವಾಗಲಿಲ್ಲ. ತಿದ್ದುವುದು ಮೇಷ್ಟ್ರ ಕೆಲಸವಾಯಿತು, ಮಗುವಿನ ಕೆಲಸವಾಗಿ ಉಳಿಯಲಿಲ್ಲ.

ಕನ್ನಡ ಗಣಕಕ್ಕೆ ಬಂದ ದಾರಿ

ಅಳಿಸುವ ಅನುಕೂಲ ಮತ್ತು ಉಳಿಸುವ ಅನುಕೂಲ ಎರಡೂ ಒಂದೇ ಕಡೆ ಸೇರಿದ್ದು ಕಂಪ್ಯೂಟರಿನಲ್ಲಿ. ಆದರೆ ಕನ್ನಡದ ಮಗುವಿಗೆ ಅದು ದಕ್ಕಲು ಕನ್ನಡ ಮೊದಲು ಕಂಪ್ಯೂಟರಿಗೆ ಬರಬೇಕಿತ್ತು.

ನಮ್ಮ ಲಿಪಿಯ ಕಷ್ಟ ಅದರ ಚೆಲುವಿನಲ್ಲೇ ಇದೆ. ಒಂದು ವ್ಯಂಜನಕ್ಕೆ ಕಾಗುಣಿತದ ಎಲ್ಲ ರೂಪ, ಒತ್ತಕ್ಷರ, ಒತ್ತಿಗೆ ಇನ್ನೊಂದು ಒತ್ತು. ಪ್ರತಿಯೊಂದಕ್ಕೂ ಒಂದೊಂದು ಕೀಲಿ ಎಂದರೆ ಕೀಲಿಮಣೆ ಚಾಪೆಯಷ್ಟು ಅಗಲವಾಗಬೇಕಾಗುತ್ತಿತ್ತು. ಕೆ.ಪಿ. ರಾವ್ ಅವರು ಇದಕ್ಕೆ ಧ್ವನಿಯ ತರ್ಕದಿಂದ ಪರಿಹಾರ ಕೊಟ್ಟರು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಮೂಲ ಧ್ವನಿಗಳನ್ನು ಕೂರಿಸಿ, ಉಳಿದದ್ದನ್ನು ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರು. ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶ ರೂಪಿಸಿ ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಇಂದಿಗೂ ಇರುವುದು ಇದೇ ವಿನ್ಯಾಸ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಮನೆಯ ಕಂಪ್ಯೂಟರಿನಲ್ಲಿ ಮೊದಲ ಸಲ ಕನ್ನಡ ಟೈಪ್ ಮಾಡಿದ ನನ್ನಂಥ ಅನೇಕರಿಗೆ ಇವೆರಡೇ ಗುರುಗಳು.

ಇನ್ನೊಂದು ತೊಡಕಿತ್ತು. ಆಗ ಒಬ್ಬರು ಕಳಿಸಿದ ಕನ್ನಡ ಇನ್ನೊಬ್ಬರ ಕಂಪ್ಯೂಟರಿನಲ್ಲಿ, ಅದೇ ಫಾಂಟ್ ಇಲ್ಲದಿದ್ದರೆ, ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಇದಕ್ಕೆ ಮದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ನಿಗದಿತ ಸಂಖ್ಯೆ ಕೊಡುವ ಈ ಪದ್ಧತಿಯ ಮೊದಲ ಆವೃತ್ತಿ 1991ರಲ್ಲಿ ಬಂತು. ಅದರಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ಮೀಸಲಾಯಿತು. ಯೂನಿಕೋಡ್ ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಲ್ಲ, ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರ ಕಂಪ್ಯೂಟರಿನೊಳಗೆ ಆರು ಸಂಕೇತಗಳ ಸಾಲು: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅದೇ ಚಿಹ್ನೆ, ರ, ದೀರ್ಘದ ಗುಡಿಸು.

ಇದು ಇಂಜಿನಿಯರುಗಳಿಗೆ ಮಾತ್ರ ಬೇಕಾದ ಸಂಗತಿ ಅಲ್ಲ, ಕನ್ನಡ ಪಾಠಕ್ಕೂ ಉಪಯೋಗವಿದೆ. 'ಸೂರ್ಯ' ಎಂದು ಕೈಯಲ್ಲಿ ಬರೆಯುವಾಗ ಮಗು ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತದೆ. ಕಣ್ಣು ಹೇಳುವ ಕ್ರಮ ಒಂದು, ಕಿವಿ ಹೇಳುವ ಕ್ರಮ ಇನ್ನೊಂದು. ಕೀಲಿಮಣೆಯಲ್ಲಾದರೆ ಮೊದಲು ರ, ಅರ್ಧಾಕ್ಷರದ ಕೀಲಿ, ಆಮೇಲೆ ಯ ಒತ್ತಲೇಬೇಕು. ಯಾವ ಧ್ವನಿ ಮೊದಲು, ಯಾವುದು ಆಮೇಲೆ ಎಂದು ಬಾಯಲ್ಲಿ ಹೇಳಿಕೊಂಡೇ ಟೈಪ್ ಮಾಡಬೇಕಾಗುತ್ತದೆ. ಒತ್ತಕ್ಷರದಲ್ಲಿ ತಡವರಿಸುವ ಮಗುವಿಗೆ ಇದು ಒಳ್ಳೆಯ ಅಭ್ಯಾಸ.

2000ದ ದಶಕದ ಆರಂಭದಲ್ಲಿ 'ಮಾಹಿತಿ ಸಿಂಧು'ವಿನಂಥ ಯೋಜನೆಗಳ ಮೂಲಕ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬರತೊಡಗಿತು. ಆ ದಶಕದಲ್ಲಿ ಓದಿದ ನಮಗೆಲ್ಲ ಕಂಪ್ಯೂಟರ್ ಕೋಣೆ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಗರ್ಭಗುಡಿ. ಹೊದಿಕೆ ಹೊದ್ದ ಯಂತ್ರಗಳನ್ನು ಸಾಲಾಗಿ ನಿಂತು ನೋಡಿದೆವು, 'ಕಂಪ್ಯೂಟರಿನ ಭಾಗಗಳು' ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಹೆಸರು ಗುರುತಿಸಿದೆವು. ಕಂಪ್ಯೂಟರಿನ ಬಗ್ಗೆ ಬರೆದೆವು, ಕಂಪ್ಯೂಟರಿನಲ್ಲಿ ಬರೆಯಲಿಲ್ಲ. ಈ ವ್ಯತ್ಯಾಸ ಟ್ಯಾಬ್ಲೆಟ್ ಕೊಡುವವರು ಮರೆಯಬಾರದ ಪಾಠ.

ಟ್ಯಾಬ್ಲೆಟ್ಟಿನ ಕಥೆ

ಟ್ಯಾಬ್ಲೆಟ್ಟಿನ ಕಲ್ಪನೆ ಹುಟ್ಟಿದ್ದೇ ಮಕ್ಕಳಿಗಾಗಿ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 1972ರಲ್ಲಿ ಅಮೆರಿಕದ ವಿಜ್ಞಾನಿ ಆ್ಯಲನ್ ಕೇ ಒಂದು ಪ್ರಬಂಧ ಬರೆದರು. ಪುಸ್ತಕದ ಗಾತ್ರದ, ಎಲ್ಲಿಗಾದರೂ ಎತ್ತಿಕೊಂಡು ಹೋಗಬಹುದಾದ, ಮಗು ತಾನೇ ಓದಿ ಬರೆದು ಚಿತ್ರಿಸಬಹುದಾದ 'ಡೈನಾಬುಕ್' ಎಂಬ ಯಂತ್ರವನ್ನು ಅದರಲ್ಲಿ ಕಲ್ಪಿಸಿದರು. ಮರದಡಿಯ ಹುಲ್ಲಿನ ಮೇಲೆ ಇಬ್ಬರು ಮಕ್ಕಳು ಅದನ್ನು ಹಿಡಿದು ಕೂತಿರುವ ಚಿತ್ರವನ್ನೂ ಕೊಟ್ಟರು. ಅಂಥದ್ದೊಂದು ಸಾಧನ ಅಂಗಡಿಯಲ್ಲಿ ಸುಲಭವಾಗಿ ಸಿಗಲು ಮತ್ತೆ ಸುಮಾರು ನಲವತ್ತು ವರ್ಷ ಬೇಕಾಯಿತು. 2010ರಲ್ಲಿ ಐಪ್ಯಾಡ್ ಬಂತು.

ನಮ್ಮ ದೇಶದಲ್ಲಿ 2011ರ ಅಕ್ಟೋಬರ್ 5ರಂದು 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆಯಾಯಿತು. ಕಾಲೇಜು ವಿದ್ಯಾರ್ಥಿಗಳಿಗೆಂದು ಅತಿ ಕಡಿಮೆ ಬೆಲೆಯಲ್ಲಿ ತಂದದ್ದು ಎಂದು ಆಗ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಅದರಲ್ಲಿದ್ದದ್ದು ಆ್ಯಂಡ್ರಾಯ್ಡ್ 2.2. ಮೂಲ ಆ್ಯಂಡ್ರಾಯ್ಡ್‌ಗೆ ಕನ್ನಡ ಅಕ್ಷರಗಳನ್ನು ತೋರಿಸುವ ಸೌಲಭ್ಯ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ, ತೆಲುಗು ಮತ್ತು ಮಲಯಾಳಂ ಜೊತೆಗೆ. ಅಂದರೆ ಅಗ್ಗದ ಹಲಗೆ ಮೊದಲು ಬಂತು, ಅದರ ಮೇಲೆ ನಮ್ಮ ಅಕ್ಷರ ಆಮೇಲೆ ಬಂತು. ಯಾವುದೇ ಸಾಧನವನ್ನು ಕೊಳ್ಳುವಾಗ ಬೆಲೆಗಿಂತ ಮೊದಲು "ಇದರಲ್ಲಿ ಕನ್ನಡ ಸರಿಯಾಗಿ ಬರೆಯಬಹುದೇ?" ಎಂದು ಕೇಳಬೇಕು ಎನ್ನಲು ಇದೇ ಕಾರಣ.

ಆಮೇಲೆ ಬೆಳವಣಿಗೆ ಬೇಗ ಬೇಗ ಆಯಿತು. 2015ರಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆಯ 'ಸ್ಟೋರಿವೀವರ್' ಬಂತು. ಅದರಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಮಕ್ಕಳ ಕಥೆಗಳನ್ನು ಉಚಿತವಾಗಿ ಓದಬಹುದು, ಅಲ್ಲಿನ ಚಿತ್ರಗಳನ್ನು ಬಳಸಿ ಸ್ವಂತ ಕಥೆಯನ್ನೂ ಕಟ್ಟಬಹುದು. 2016ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ 'ಭಾರತವಾಣಿ' ಬಂದು ನಿಘಂಟುಗಳು ಬೆರಳ ತುದಿಗೆ ಬಂದವು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಸೌಲಭ್ಯ ತಂದಿತು. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ಒಂದೆಡೆ 'ವಿದ್ಯಾಗಮ'ದಲ್ಲಿ ಶಿಕ್ಷಕರು ಮರದಡಿಗೂ ಜಗಲಿಗೂ ಬಂದು ಪಾಠ ಮಾಡಿದರು, ಇನ್ನೊಂದೆಡೆ ಮನೆಮನೆಯಲ್ಲಿ ಮೊಬೈಲ್ ಪಾಠದ ಸಾಧನವಾಯಿತು. ಆಗ ಮಕ್ಕಳು ಅದರಲ್ಲಿ ನೋಡಿದ್ದು ಹೆಚ್ಚು, ಬರೆದದ್ದು ಕಡಿಮೆ.

ಬರವಣಿಗೆಗೆ ಆ್ಯಪ್ ಏನು ಮಾಡಬಲ್ಲದು?

ತರಗತಿಯ ಬರವಣಿಗೆಗೆ ಒದಗುವ ಆ್ಯಪ್‌ಗಳನ್ನು ನಾಲ್ಕು ಬಗೆ ಎಂದು ಹೇಳಬಹುದು.

ಮೊದಲನೆಯದು ಅಕ್ಷರ ತಿದ್ದಿಸುವವು. ಇದು ಮರಳಿನ ಹೊಸ ರೂಪ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಉಪಯೋಗ, ಪ್ರೌಢಶಾಲೆಗೆ ಅಷ್ಟಾಗಿ ಬೇಡ.

ಎರಡನೆಯದು ಮಾತನ್ನು ಬರಹ ಮಾಡುವವು. ಬರೆಯಲು ಅಂಜುವ ಮಗು ಮೊದಲು ಮಾತಾಡಲಿ ಎಂಬುದು ಇದರ ಅನುಕೂಲ. ನಮ್ಮ ಆಡುಮಾತಿನಲ್ಲಿ "ಓಗ್ತಾವ್ನೆ" ಎಂದರೆ ಯಂತ್ರ ತಬ್ಬಿಬ್ಬಾಗಿ ಬೇರೆ ಏನನ್ನೋ ಬರೆದೀತು. ಆದರೆ ಅದೇ ಪಾಠಕ್ಕೆ ಒಳ್ಳೆಯ ಎಡೆ: ನಾವು ಆಡುವುದು ಹೇಗೆ, ಬರೆಯುವುದು ಹೇಗೆ, ಹಾಲು ಆಲಾಗುವುದು ಎಲ್ಲಿ ಎಂದು ಮಕ್ಕಳೇ ಹೋಲಿಸಿ ನೋಡಬಹುದು. ಆಡುಮಾತು ಕೀಳೆಂದು ಹೇಳಬೇಕಾಗಿಲ್ಲ. ಕಥೆಯಲ್ಲಿ ಅಜ್ಜಿಯ ಮಾತು ಬಂದಾಗ ಅದನ್ನು ಹಾಗೆಯೇ ಇಡಬಹುದು.

ಮೂರನೆಯದು ಚಿತ್ರ, ದನಿ, ಬರಹ ಸೇರಿಸಿ ಪುಟ್ಟ ಪುಸ್ತಕ ಮಾಡುವವು. ಸ್ಟೋರಿವೀವರ್ ಈ ಜಾತಿಗೆ ಸೇರುತ್ತದೆ.

ನಾಲ್ಕನೆಯದು ನೋಡಲು ತೀರ ಸಪ್ಪೆ, ಕೆಲಸದಲ್ಲಿ ಎಲ್ಲಕ್ಕಿಂತ ಗಟ್ಟಿ: ಬರಿಯ ಬರೆಯುವ ಹಾಳೆ. ಗೂಗಲ್ ಡಾಕ್ಸ್‌ನಂಥವುಗಳಲ್ಲಿ ಮಗು ಬರೆಯುತ್ತದೆ, ಗೆಳತಿ ಪಕ್ಕದಲ್ಲಿ "ಇಲ್ಲಿ ಅರ್ಥವಾಗಲಿಲ್ಲ" ಎಂದು ಬರೆಯುತ್ತಾಳೆ, ಮೇಷ್ಟ್ರು ಒಂದು ಪ್ರಶ್ನೆ ಹಾಕುತ್ತಾರೆ, ಮಗು ತಿದ್ದುತ್ತದೆ. ಮೊದಲ ಬರಹದಿಂದ ಕೊನೆಯದರವರೆಗೆ ಎಲ್ಲ ಹಂತಗಳೂ ಒಳಗೆ ಉಳಿದಿರುತ್ತವೆ. ಮೊದಲು ಹೇಳಿದ ಎರಡು ಅನುಕೂಲಗಳು ಇಲ್ಲಿ ಕೂಡುತ್ತವೆ. ಸ್ಲೇಟಿನಂತೆ ಅಂಜಿಕೆಯಿಲ್ಲದೆ ಅಳಿಸಬಹುದು, ನೋಟ್‌ಬುಕ್ಕಿನಂತೆ ಎಲ್ಲವೂ ಉಳಿಯುತ್ತದೆ. ಐದು ಸಾಲು ತಿದ್ದಲು ಐದು ಪುಟ ಮತ್ತೆ ಬರೆಯಬೇಕಿಲ್ಲ.

ನನ್ನ ಕಸುಬು ನಿಂತಿರುವುದೇ ಇದರ ಮೇಲೆ. ನಾವು ಬರೆಯುವ ಪ್ರೋಗ್ರಾಮಿನ ಪ್ರತಿ ತಿದ್ದುಪಡಿಯನ್ನೂ 'ಗಿಟ್' ಎಂಬ ತಂತ್ರಾಂಶ ನೆನಪಿಡುತ್ತದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ಅದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಪ್ರಶ್ನೆ ಕೇಳಿ, ಒಪ್ಪಿದ ಮೇಲೆಯೇ ಅದು ಬಳಕೆಗೆ ಹೋಗುತ್ತದೆ. ಇಪ್ಪತ್ತು ವರ್ಷ ಅನುಭವ ಇರುವವರ ಬರಹವನ್ನೂ ತಿದ್ದುತ್ತೇವೆ, ಅದರಿಂದ ಯಾರಿಗೂ ಅವಮಾನವಿಲ್ಲ. ಚಿತ್ತು ನಮ್ಮಲ್ಲಿ ನಾಚಿಕೆಯ ವಿಷಯ ಅಲ್ಲ, ಕೆಲಸ ನಡೆದಿದೆ ಎಂಬುದಕ್ಕೆ ಸಾಕ್ಷಿ. ಕತೆಗಾರರಾಗಲಿ ಕವಿಗಳಾಗಲಿ ಹೀಗೆಯೇ ಹೊಡೆದು ತಿದ್ದಿ ಬರೆಯುವವರು. ಮಕ್ಕಳಿಗೆ ಮಾತ್ರ ಒಂದೇ ಸಲಕ್ಕೆ ಚಿತ್ತಿಲ್ಲದೆ ಬರಿ ಎನ್ನುವುದು ನ್ಯಾಯವಲ್ಲ.

ಈ ಮಾತಿಗೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಬಾಸ್ಟನ್ ಕಾಲೇಜಿನ ಸಂಶೋಧಕರು 1992ರಿಂದ 2002ರವರೆಗಿನ 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ವರದಿ ಕೊಟ್ಟರು. ಕಂಪ್ಯೂಟರಿನಲ್ಲಿ ಬರೆಯುವ ಶಾಲಾಮಕ್ಕಳು ಹೆಚ್ಚು ಬರೆದರು, ಬರಹದ ಗುಣವೂ ಉತ್ತಮವಾಗಿತ್ತು, ಒಬ್ಬರದನ್ನೊಬ್ಬರು ಓದಿ ತಿದ್ದಿಕೊಳ್ಳುವುದೂ ಹೆಚ್ಚಿತು ಎಂಬುದು ಅದರ ಸಾರ.

ಎಚ್ಚರಿಕೆಯ ಮಾತು

ಹಾಗೆಂದು ಸಾಧನ ಕೊಟ್ಟರೆ ಸಾಕು, ಕಲಿಕೆ ತಾನಾಗಿ ಬರುತ್ತದೆ ಎಂದು ನಂಬಿದವರು ಕೈಸುಟ್ಟುಕೊಂಡಿದ್ದಾರೆ. ದಕ್ಷಿಣ ಅಮೆರಿಕದ ಪೆರು ದೇಶ ತನ್ನ ಶಾಲಾಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾದಾಗ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅದರಿಂದ ಸುಧಾರಣೆ ಕಾಣಲಿಲ್ಲ. ಪಾಠದೊಳಗೆ ಅದಕ್ಕೆ ಜಾಗವಿಲ್ಲದಿದ್ದರೆ ಯಂತ್ರ ಬರಿಯ ಯಂತ್ರ. ಸ್ವೀಡನ್ ಶ್ರೀಮಂತ ದೇಶ, ಶಾಲೆಗಳಲ್ಲಿ ಪರದೆಗಳನ್ನು ಧಾರಾಳವಾಗಿ ಬಳಸಿತ್ತು. ಅಲ್ಲಿನ ಸರ್ಕಾರವೂ 2023ರಲ್ಲಿ ಚಿಕ್ಕ ಮಕ್ಕಳಿಗೆ ಮತ್ತೆ ಅಚ್ಚಾದ ಪುಸ್ತಕ, ಕೈಬರಹ ಎಂದು ತಿರುಗಿತು.

ಕೈಬರಹದ ಬಗ್ಗೆ ಹಿರಿಯರ ಆತಂಕ ಸುಳ್ಳಲ್ಲ. ನಾರ್ವೆಯಲ್ಲಿ 36 ವಿದ್ಯಾರ್ಥಿಗಳ ಮಿದುಳಿನ ಚಟುವಟಿಕೆ ಅಳೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕೀಲಿ ಒತ್ತುವಾಗಿನದಕ್ಕಿಂತ ಕೈಯಲ್ಲಿ ಬರೆಯುವಾಗ ಮಿದುಳಿನ ಭಾಗಗಳು ಒಂದಕ್ಕೊಂದು ಹೆಚ್ಚು ಬೆಸೆದುಕೊಂಡು ಕೆಲಸ ಮಾಡುತ್ತವೆ ಎಂದು ಅದು ತೋರಿಸಿತು. ಸ್ವಾರಸ್ಯವೆಂದರೆ ಆ ಅಧ್ಯಯನದಲ್ಲಿ ಕೈಬರಹ ನಡೆದದ್ದು ಕಾಗದದ ಮೇಲಲ್ಲ, ಡಿಜಿಟಲ್ ಪೆನ್ನಿನಿಂದ ಪರದೆಯ ಮೇಲೆ! ಕಾಗದವೋ ಗಾಜೋ ಎಂಬುದಕ್ಕಿಂತ ಕೈ ಅಕ್ಷರದ ತಿರುವನ್ನು ತಾನೇ ತಿರುಗಿಸಿತೇ ಎಂಬುದು ಮುಖ್ಯ. ಇದೆಲ್ಲದರ ಜೊತೆಗೆ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವುದು ಪೆನ್ನಿನಲ್ಲೇ. ಕೈ ಪಳಗದೆ ಗತಿಯಿಲ್ಲ.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಕಾಗುಣಿತದ ತಪ್ಪನ್ನು ಯಂತ್ರ ಚೆನ್ನಾಗಿ ಹಿಡಿಯುತ್ತದೆ. ಕನ್ನಡದಲ್ಲಿ 'ಮನೆಯಲ್ಲಿದ್ದವರಿಗೂ' ಎಂಬ ಒಂದೇ ಪದದಲ್ಲಿ ನಾಲ್ಕೈದು ತುಣುಕು ಸೇರಿರುತ್ತವೆ. ಇಂಥ ಪದಗಳನ್ನೆಲ್ಲ ಪಟ್ಟಿ ಮಾಡಿಡುವುದು ಸಾಧ್ಯವಿಲ್ಲದ್ದರಿಂದ ಯಂತ್ರ ಸರಿಯಿದ್ದದ್ದನ್ನೂ ತಪ್ಪೆಂದು ಕೆಂಪು ಗೆರೆ ಎಳೆಯಬಹುದು. ಇತ್ತೀಚೆಗೆ ಕೇಳಿದರೆ ಪೂರ್ತಿ ಪ್ರಬಂಧವನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ಮಗುವಿನ ಮಟ್ಟಿಗೆ ಅದು ಹಳೆಯ ಗೈಡಿನ ಹೊಸ ಅವತಾರ. ಬರಹದ ಎಲ್ಲ ಹಂತಗಳನ್ನೂ ಉಳಿಸಿಡುವ ಪದ್ಧತಿ ಇದ್ದರೆ ಇದಕ್ಕೂ ಮದ್ದಿದೆ. ಕೊನೆಯ ಬರಹಕ್ಕೆ ಮಾತ್ರವಲ್ಲ, ಅದು ಅಲ್ಲಿಗೆ ತಲುಪಿದ ದಾರಿಗೂ ಮೇಷ್ಟ್ರು ಬೆಲೆ ಕೊಡಬಹುದು.

ನಮ್ಮ ಶಾಲೆಗೆ ಏನು ಮಾಡಬಹುದು?

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ಟ್ಯಾಬ್ಲೆಟ್ ಕೊಡೋಣ. ಆದರೆ ಪಾಠ ತೋರಿಸಲು ಅಲ್ಲ, ಬರೆಯಲು ಕೊಡೋಣ. ಪ್ರತಿ ಮಗುವಿಗೂ ಒಂದು ಬೇಕಿಲ್ಲ. ನಾಲ್ವರಿಗೆ ಒಂದಾದರೆ ನಲವತ್ತು ಮಕ್ಕಳ ತರಗತಿಗೆ ಹತ್ತು ಸಾಕು. ನಾಲ್ವರಿಗೆ ಒಂದೇ ಇದ್ದರೆ ಒಬ್ಬರು ಬರೆಯುವಾಗ ಉಳಿದವರು ಓದುತ್ತಾರೆ, ವಾದಿಸುತ್ತಾರೆ. ಬರವಣಿಗೆಗೆ ಬೇಕಾದದ್ದೂ ಅದೇ.

ಮೊದಲ ಕರಡು ನೋಟ್‌ಬುಕ್ಕಿನಲ್ಲಿ, ಕೈಯಲ್ಲೇ, ಸಾಲು ಬಿಟ್ಟು ಬರೆಯಲಿ. ಚಿತ್ತಾದರೆ ಆಗಲಿ. ಆಮೇಲೆ ಗುಂಪಿನಲ್ಲಿ ಟ್ಯಾಬ್ಲೆಟ್ಟಿಗೆ ಏರಿಸಲಿ. ಮೇಷ್ಟ್ರು ಎಲ್ಲ ತಪ್ಪನ್ನೂ ತಿದ್ದದೆ ಎರಡೇ ವಿಷಯ ಹೇಳಲಿ: ಯಾವುದು ಚೆನ್ನಾಗಿದೆ, ಯಾವುದನ್ನು ಇನ್ನೂ ಬಿಡಿಸಿ ಬರೆಯಬೇಕು. ಉಳಿದದ್ದನ್ನು ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ದೊಡ್ಡವರು ಚಿಕ್ಕವರಿಗೆ ಕಲಿಸುವ ನಮ್ಮ ಹಳೆಯ ಪದ್ಧತಿ ಇದಕ್ಕೆ ಸಾಲದೆ? ಮುಗಿದದ್ದನ್ನು ಅಚ್ಚು ತೆಗೆದು ಗೋಡೆ ಪತ್ರಿಕೆಗೆ ಹಾಕಲಿ. ಊರವರು ನಿಂತು ಓದುತ್ತಾರೆ ಎಂದು ಗೊತ್ತಾದರೆ ಗೈಡಿನಿಂದ ನಕಲು ಮಾಡುವ ಮಗು ಕಡಿಮೆ.

ಕೊಡುವ ನಾವೂ ಕೆಲವು ಜವಾಬ್ದಾರಿ ಹೊರಬೇಕು. ಯೂನಿಕೋಡ್ ಕನ್ನಡ ಕೀಲಿಮಣೆ ಹಾಕಿಯೇ ಕೊಡಬೇಕು. ನೆಟ್ ಇಲ್ಲದಾಗಲೂ ಕೆಲಸ ಮಾಡುವ ಉಚಿತ ತಂತ್ರಾಂಶ ಆಯಬೇಕು. ಮಕ್ಕಳ ಹೆಸರು, ಭಾವಚಿತ್ರ ಹೊರಗೆ ಹೋಗದಂತೆ ನೋಡಿಕೊಳ್ಳಬೇಕು. ಕೊಡುವ ಹಣದಲ್ಲಿ ಒಂದು ಪಾಲನ್ನು ಬ್ಯಾಟರಿ ಮತ್ತು ರಿಪೇರಿಗೆಂದು ಎತ್ತಿಡಬೇಕು. ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಬೀಗ ತೆರೆಯದ ಬೀರುವಿನಲ್ಲಿ ಎಷ್ಟು ಒಳ್ಳೆಯ ಟ್ಯಾಬ್ಲೆಟ್ ಇದ್ದರೂ ಒಂದೇ. ಎಲ್ಲಕ್ಕಿಂತ ಮುಖ್ಯವಾಗಿ, ಶಿಕ್ಷಕರ ಜೊತೆ ಕೂತು ಅವರಿಗೆ ಬೇಕಾದದ್ದೇನೆಂದು ಕೇಳಿಯೇ ಕೊಳ್ಳಬೇಕು.

ಮೊದಲ ಬರವಣಿಗೆಗೆ ವಿಷಯವನ್ನೂ ಸೂಚಿಸುತ್ತೇನೆ: ನಮ್ಮೂರಿನ ಚರಿತ್ರೆ. ಕೆರೆ ಕಟ್ಟಿಸಿದವರು ಯಾರು, ಊರಿಗೆ ಕರೆಂಟು ಬಂದದ್ದು ಯಾವಾಗ, ಈ ಶಾಲೆಗೆ ಜಾಗ ಕೊಟ್ಟವರು ಯಾರು, ಮೊದಲ ವರ್ಷ ಪಾಠ ನಡೆದದ್ದು ಎಲ್ಲಿ? ಇವಕ್ಕೆ ಉತ್ತರ ಯಾವ ಗೈಡಿನಲ್ಲೂ ಇಲ್ಲ, ಯಾವ ಯಂತ್ರಕ್ಕೂ ತಿಳಿದಿಲ್ಲ. ಅವು ಇರುವುದು ನಮ್ಮ ಹಿರಿಯರ ನೆನಪಿನಲ್ಲಿ ಮಾತ್ರ, ಮತ್ತು ಆ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಮಕ್ಕಳು ಟ್ಯಾಬ್ಲೆಟ್ ಹಿಡಿದು ಅವರ ಮನೆಗೆ ಹೋಗಿ ಮಾತು ದಾಖಲಿಸಿಕೊಂಡು, ಕೇಳಿ ಕೇಳಿ ಬರೆದು, ಬರೆದದ್ದನ್ನು ಅವರಿಗೇ ಓದಿ ಹೇಳಿ, ಅವರು "ಅದು ಹಾಗಲ್ಲ ಮಗಾ, ಹೀಗೆ" ಎಂದಾಗ ತಿದ್ದಿದರೆ, ಬರವಣಿಗೆಯ ಪಾಠಕ್ಕೆ ಅದಕ್ಕಿಂತ ಬೇರೆ ಬೇಕಿಲ್ಲ. ಊರಿಗೂ ಒಂದು ಪುಸ್ತಕ ಉಳಿಯುತ್ತದೆ.

ಹಳೆಯ ವಿದ್ಯಾರ್ಥಿ ಮಿತ್ರರು, ಶಿಕ್ಷಕರು, ಊರಿನ ಹಿರಿಯರು ಈ ಸಲಹೆಯನ್ನು ಕರಡೆಂದೇ ಭಾವಿಸಿ ತಿದ್ದಬೇಕೆಂದು ಕೋರುತ್ತೇನೆ. 

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್